ಆತಿಥ್ಯದ ಬೆಲೆ
ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಇಟಲಿಯಲ್ಲಿ ರಚಿಸಿದ ಮಠನಿಯಮಾವಳಿಯು ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆಂದು 53ನೆಯ ಅಧ್ಯಾಯದಲ್ಲಿ ವಿಧಿಸುತ್ತದೆ. 40ನೆಯ ಅಧ್ಯಾಯದಲ್ಲಿ, ವೈನ್ ಸನ್ಯಾಸಿಗಳಿಗೆ ತಕ್ಕುದಲ್ಲವೆಂಬ ಮಾತನ್ನು ಒಪ್ಪಿಕೊಂಡೇ, ಅದನ್ನು ಅವರಿಗೆ ಮನಗಾಣಿಸುವುದು ಅಸಾಧ್ಯವಾದ್ದರಿಂದ ದಿನಕ್ಕೊಂದು ‘ಹೆಮಿನಾ’, ಅಂದರೆ ಸುಮಾರು ಕಾಲು ಲೀಟರಿನ ರೋಮನ್ ಅಳತೆ, ಸಾಕೆನ್ನುತ್ತದೆ. ಈ ನಿಯಮಾವಳಿಯನ್ನು ಕಟ್ಟುನಿಟ್ಟಾಗಿ ಪಾಲಿಸಲೆಂದೇ ಹುಟ್ಟಿದ ಸಿಸ್ಟರ್ಸಿಯನ್ ಪಂಥದವರು 1136ರಲ್ಲಿ ಜರ್ಮನಿಯ ರೈನ್‌ಗೌ ಪ್ರದೇಶದಲ್ಲಿ ಸ್ಥಾಪಿಸಿದ ಎಬರ್‌ಬಾಖ್ ಮಠವು 1803ರಲ್ಲಿ ವಿಸರ್ಜನೆಗೊಂಡಿತು. ಇಂದು ಅದೇ ಆವರಣದ ಹೋಟೆಲಿನಲ್ಲಿ ತಂಗುವವರಿಗೆ ಮಠದ ಸುತ್ತುನೋಟವೂ ವೈನ್ ಸವಿಯುವ ಗೋಷ್ಠಿಯೂ ಹಣಕ್ಕೆ ದೊರೆಯುತ್ತವೆ. ಬೆಲೆ ಕಟ್ಟಿದೊಡನೆ ಆತಿಥ್ಯದ ಧಾರ್ಮಿಕತೆ ಅಳಿಯುತ್ತದೆಯೇ? ಮಠವೂ ತನ್ನ ವೈನನ್ನು ರೈನ್ ನದಿಯ ಮೂಲಕ ಕಲೋನ್‌ಗೆ ಸಾಗಿಸಿ ಮಾರುತ್ತಿತ್ತೆಂಬುದನ್ನು ನೆನೆದರೆ, ವ್ಯಾಪಾರವನ್ನಷ್ಟೇ ದೂಷಿಸುವುದು ಅವಸರದ ತೀರ್ಪಾದೀತು. ಬಡವನನ್ನೂ ಯಾತ್ರಿಕನನ್ನೂ ವಿಶೇಷ ಕಾಳಜಿಯಿಂದ ಸ್ವೀಕರಿಸಬೇಕೆಂದು ಆ ನಿಯಮ ಹೇಳಿದ್ದ ಕಡೆಯಲ್ಲಿ ಈಗ ಕೊಠಡಿ ಕಾದಿರಿಸಿದವನೊಬ್ಬನೇ ಅತಿಥಿಯೆನಿಸಿಕೊಂಡಿರುವುದು ಹೆಚ್ಚು ಯೋಚಿಸತಕ್ಕ ಸಂಗತಿ.