ಕೆಮ್ಮಿನ ಸೊಪ್ಪು

ನನ್ನ ಪಿಎಚ್.ಡಿ. ಪ್ರಬಂಧದ ಶೀರ್ಷಿಕೆಯಲ್ಲಿ ‘ಸಂಭಾವ್ಯ’ ಎಂಬ ಪದವಿದೆ. ಶ್ವಾಸಕೋಶದ ಕ್ಯಾನ್ಸರಿಗೆ ಸಂಭಾವ್ಯ ಚಿಕಿತ್ಸೆಯಾಗಿ ಸಸ್ಯಗಳ ರಾಸಾಯನಿಕಗಳು ಎಂಬುದು ವಿಷಯ. ನಮ್ಮ ಕ್ಷೇತ್ರದವರು ಈ ಪದವನ್ನು ಅಡುಗೆಗೆ ಉಪ್ಪಿನಂತೆ ಬಳಸುತ್ತೇವೆ. ಅದು ಸುಳ್ಳಲ್ಲ. ಇದು ಔಷಧಿ ಎಂದು ಹೇಳುವುದೂ ಇಲ್ಲ, ಅಲ್ಲವೆಂದು ಹೇಳುವುದೂ ಇಲ್ಲ. ಆದರೆ ಸುಳ್ಳಲ್ಲದ ಮಾತಿನಿಂದಲೂ ಒಬ್ಬರಿಗೆ ಮೋಸವಾಗಬಹುದೇ? ಆದರೆ ಅದರ ಹೊಣೆ ಹೇಳಿದವರದೋ, ಹಾಗೆ ಕೇಳಿಸಿಕೊಂಡವರದೋ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಸೊಪ್ಪು, ತೊಗಟೆ, ಬೇರು ಕೇಳುತ್ತಾ ಮೂರು ವರ್ಷ ಅಲೆದಿದ್ದೇನೆ. ಉಬ್ರಾಣಿ ಕಡೆಯ ಕಾಡು, ತೀರ್ಥರಾಮೇಶ್ವರದ ಗುಡ್ಡ, ರಂಗಯ್ಯನದುರ್ಗದ ಒಣ ಕುರುಚಲು. ಒಂದೇ ಜಿಲ್ಲೆಯೆಂದು ನಂಬುವುದು ಕಷ್ಟ, ಅಡಿಕೆ ತೋಟದ ನೆರಳಿನಿಂದ ಹೊರಟವರು ಬಂದರೆ ಗಿಡದ ಬಿಸಿಲಿಗೆ ಬಂದು ನಿಲ್ಲುತ್ತೇವೆ. ಇಷ್ಟೂ ಊರುಗಳಲ್ಲಿ ನಾಟಿ ಔಷಧಿ ಕೊಡುವ ಒಬ್ಬರೂ ‘ಇದು ಶ್ವಾಸಕೋಶದ ಕ್ಯಾನ್ಸರಿಗೆ’ ಎಂದು ನನ್ನ ಕೈಗೆ ಗಿಡ ಕೊಟ್ಟಿಲ್ಲ. ಅವರ ಭಾಷೆಯಲ್ಲಿರುವುದು ಕೆಮ್ಮು, ದಮ್ಮು, ಕಫ, ಎದೆ ಕಟ್ಟುವುದು. ಅದನ್ನು ಬರೆದುಕೊಂಡು ಬಂದು ನಾವು ಹೀಗೊಂದು ವಾಕ್ಯ ಮಾಡುತ್ತೇವೆ: ‘ಉಸಿರಾಟದ ತೊಂದರೆಗಳಿಗೆ ಪಾರಂಪರಿಕವಾಗಿ ಬಳಸಲಾಗುವ ಈ ಸಸ್ಯವನ್ನು, ಶ್ವಾಸಕೋಶದ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸಲಾಯಿತು.’ ಮಧ್ಯದ ಅಲ್ಪವಿರಾಮ ನೋಡಿ. ಮಗುವಿನ ಕೆಮ್ಮಿನಿಂದ ಗಡ್ಡೆಯವರೆಗಿನ ದೂರವನ್ನು ಅದೊಂದೇ ದಾಟಿಸಿಬಿಡುತ್ತದೆ. ಆ ಅಜ್ಜ ಮಾಡದ ಪ್ರತಿಪಾದನೆಯನ್ನು ಅವನ ಹೆಸರಿನಲ್ಲಿ ನಾವು ಮಾಡಿರುತ್ತೇವೆ. ಹೆಸರು ಅಂದೆ, ಹೆಸರೂ ಇರುವುದಿಲ್ಲ, ‘ಸ್ಥಳೀಯರು’ ಅಂತಿರುತ್ತದೆ.

ಆ ಕೋಶಗಳೂ ಹೆಸರಿಲ್ಲದವನವೇ. ಎ549 ಎಂದು ಕರೆಯುತ್ತಾರೆ. 1972ರಲ್ಲಿ ಅಮೆರಿಕದಲ್ಲಿ 58 ವರ್ಷದ ಒಬ್ಬನ ಶ್ವಾಸಕೋಶದ ಗಡ್ಡೆಯಿಂದ ಬೆಳೆಸಿದ್ದು. ಅರ್ಧ ಶತಮಾನವಾದರೂ ಲೋಕದ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಲೇ ಇವೆ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಅವನ್ನಿಟ್ಟು, ಜಗಳೂರಿನ ಸೊಪ್ಪಿನ ಸಾರ ಹಾಕಿ, ಎಷ್ಟು ಪ್ರಮಾಣಕ್ಕೆ ಅರ್ಧದಷ್ಟು ಬೆಳವಣಿಗೆ ನಿಂತಿತು ಎಂದು ಅಳೆಯುತ್ತೇವೆ. ತಟ್ಟೆಗೆ ಜಠರವಿಲ್ಲ, ಯಕೃತ್ತಿಲ್ಲ, ರಕ್ತವಿಲ್ಲ. ಉಪ್ಪನ್ನು ಹೆಚ್ಚಾಗಿ ಸುರಿದರೂ ಆ ಕೋಶಗಳು ಸಾಯುತ್ತವೆ.

ಇಷ್ಟು ಹೇಳಿದ್ದಕ್ಕೆ ನಾನು ಈ ವಿದ್ಯೆಯನ್ನೇ ಹೀಗಳೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಹೊನ್ನಾಳಿಯಲ್ಲಿ ಎಷ್ಟೋ ಮನೆಗಳ ಅಂಗಳದಲ್ಲಿರುವ ನಿತ್ಯಪುಷ್ಪದ ಕಥೆಯೇ ಇದೆ. ಜಮೈಕಾದವರು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದ ಅದರ ಎಲೆ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅವರ ಪ್ರಯೋಗಾಲಯಕ್ಕೆ ಬಂತು. ಸಕ್ಕರೆ ಇಳಿಯಲಿಲ್ಲ, ಇಲಿಗಳ ಬಿಳಿ ರಕ್ತಕಣ ಇಳಿಯಿತು. ಅದರಿಂದ ವಿನ್‌ಬ್ಲಾಸ್ಟಿನ್ ಸಿಕ್ಕಿತು. ಅದೇ ಗುಂಪಿನ ವಿನೊರೆಲ್ಬಿನ್‌ಗೆ 1994ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಪೆಸಿಫಿಕ್ ಯೂ ಮರದ ತೊಗಟೆ ಸಂಗ್ರಹಿಸಿದ್ದು 1962ರಲ್ಲಿ. ಮನ್‌ರೋ ವಾಲ್ ಮತ್ತು ನಮ್ಮ ಮಹಾರಾಷ್ಟ್ರ ಮೂಲದ ಮನ್ಸುಖ್ ವಾಣಿ ಅದರಿಂದ ಟ್ಯಾಕ್ಸಾಲ್ ಬೇರ್ಪಡಿಸಿ 1971ರಲ್ಲಿ ಅದರ ರಚನೆ ಪ್ರಕಟಿಸಿದರು. ಮೊದಲ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ, ಅಂಡಾಶಯದ ಕ್ಯಾನ್ಸರಿಗೆ. ಶ್ವಾಸಕೋಶದ ಸರದಿ ಬಂದದ್ದು ಆಮೇಲೆ. ಮೂವತ್ತು ವರ್ಷ. ಹಾಗಾಗಿ ಒಂದು ಕಾಯಿಲೆಯಿಂದ ಇನ್ನೊಂದಕ್ಕೆ ಹಾರುವುದೇ ತಪ್ಪೆಂದು ನಾನು ಹೇಳಲಾರೆ; ವಿಜ್ಞಾನ ಹಾರುತ್ತಲೇ ಬಂದಿದೆ. ಹಾರಿದ್ದು ನಾವು ಎಂದು ಒಪ್ಪಿಕೊಳ್ಳದಿರುವುದು ತಪ್ಪು. ಹಾಗೇ, ನಿತ್ಯಪುಷ್ಪದ ಔಷಧಿ ಹೂವಿನಷ್ಟು ಮೃದುವಲ್ಲ. ಅದು ವಿಷ, ಅಳತೆಯಲ್ಲಿ ಕೊಟ್ಟರೆ ಮಾತ್ರ ಮದ್ದು. ಅಂಗಳದ ಎಲೆ ಕಾಯಿಸಿ ಕುಡಿದರೆ ಆ ಅಳತೆ ಯಾರ ಕೈಯಲ್ಲಿರುತ್ತದೆ?

ಗಿಡದ್ದು ಎಂದಾಕ್ಷಣ ನಿರಪಾಯ ಎಂಬ ನಂಬಿಕೆಗೆ ಫಿನ್‌ಲೆಂಡ್ ದುಬಾರಿ ಬೆಲೆ ತೆತ್ತಿದೆ. ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡಿತ್ತು. ಹಾಗಾದರೆ ಕ್ಯಾರೆಟ್ಟಿನ ಬೀಟಾ ಕೆರೋಟಿನ್ ಮಾತ್ರೆ ಕೊಟ್ಟು ನೋಡೋಣವೆಂದು 29,133 ಧೂಮಪಾನಿ ಗಂಡಸರ ಮೇಲೆ ಪ್ರಯೋಗ ಮಾಡಿದರು. 1994ರಲ್ಲಿ ಫಲಿತಾಂಶ ಬಂತು: ಮಾತ್ರೆ ತಿಂದವರಲ್ಲಿ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು. ಅದೂ ಒಂದು ‘ಸಂಭಾವ್ಯ’ವೇ ಆಗಿತ್ತು.

ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೋದ ವರ್ಷ ಒಬ್ಬ ರೈತ ನನ್ನನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಮಡಚಿದ ಪತ್ರಿಕೆಯ ತುಂಡು, ಬೇರೆ ಯಾವುದೋ ತಂಡ ಒಂದು ಗಿಡದಿಂದ ಕ್ಯಾನ್ಸರ್ ಕೋಶಗಳನ್ನು ಕೊಂದ ಸುದ್ದಿ. ಅವನ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್. ಬೀಡಿ ಮುಟ್ಟಿದವಳಲ್ಲ, ಮೂವತ್ತು ವರ್ಷ ಸೌದೆ ಒಲೆ ಊದಿದವಳು. ‘ದಿನಕ್ಕೆ ಎಷ್ಟ್ ಎಲಿ ಕೊಡ್ಬೇಕು?’ ಅಂದ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಚಿಕಿತ್ಸೆ ನಿಲ್ಲಿಸಬೇಡಿ, ಈ ಎಲೆ ಮನುಷ್ಯರಿಗೆ ಏನು ಮಾಡುತ್ತದೆಂದು ಯಾರೂ ಪರೀಕ್ಷಿಸಿಲ್ಲ ಎಂದೆ. ಅವನು ಸಿಟ್ಟಾಗಲಿಲ್ಲ. ‘ಗೊತ್ತಿಲ್ದಿದ್ರೆ ಯಾಕೆ ಬರೀತೀರಿ?’ ಎಂದು ಕೇಳಿದ, ನಿಜವಾಗಿ ತಿಳಿದುಕೊಳ್ಳಲು.

ಯೋಜನೆಗೆ ಹಣ ಬರಲು ಬರೆಯುತ್ತೇವೆ, ಪದವಿ ಸಿಗಲು ಬರೆಯುತ್ತೇವೆ, ಮುಂದಿನವರು ಇಲ್ಲಿಂದ ಮುಂದುವರಿಯಲಿ ಎಂದೂ ಬರೆಯುತ್ತೇವೆ. ಮೂರೂ ನಿಜ. ಅವನಿಗೆ ಮೂರನೆಯದನ್ನು ಮಾತ್ರ ಹೇಳಿದೆ.

ಆಸೆ ಕೊಡುವುದೇ ಅಪರಾಧವೆಂದು ವಾದಿಸುವ ಗೆಳೆಯರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಆನಂದಪುರದ ಹತ್ತಿರದ ನರಸೀಪುರದಲ್ಲಿ, 2020ರಲ್ಲಿ ತೀರಿಕೊಂಡ ವೈದ್ಯ ನಾರಾಯಣಮೂರ್ತಿಯವರ ಮನೆಮುಂದೆ ತೊಗಟೆಯ ಔಷಧಿಗಾಗಿ ದೇಶದ ಮೂಲೆಮೂಲೆಯಿಂದ ಬಂದವರ ಸಾಲು ನಿಲ್ಲುತ್ತಿತ್ತು. ಆ ಸಾಲನ್ನು ಮೂಢರ ಸಾಲು ಎನ್ನಲು ನನಗೆ ಬಾಯಿ ಬರುವುದಿಲ್ಲ. ‘ಇನ್ನೇನೂ ಮಾಡಲಾಗದು’ ಎಂಬ ಮಾತು ಕೇಳಿ ಎದ್ದು ಬಂದವರು ಎಲ್ಲಿಗಾದರೂ ಹೋಗಲೇಬೇಕಲ್ಲ. ತೊಗಟೆ ಗುಣಪಡಿಸುತ್ತದೆಯೇ ಎಂಬುದು ಪರೀಕ್ಷೆಯ ಪ್ರಶ್ನೆ, ಅದನ್ನು ಸಾಲಿನ ಉದ್ದ ತೀರ್ಮಾನಿಸದು. ಆದರೆ ಆಸೆ ಇರುವ ಚಿಕಿತ್ಸೆಯನ್ನು ಬಿಡಿಸಿದಾಗ, ಹೊಲ ಮಾರಿಸಿದಾಗ ಅದು ಬೇರೆಯೇ ವಸ್ತು. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ನಿಷೇಧಿಸುತ್ತದೆ. ಸಂಶೋಧನಾ ಲೇಖನ ಜಾಹೀರಾತಲ್ಲ, ಹಾಗಾಗಿ ನಾವು ಬಚಾವು. ಈ ಬಚಾವಾಗುವಿಕೆ ನನಗೆ ಅಷ್ಟು ಗೌರವದ್ದಾಗಿ ಕಾಣುವುದಿಲ್ಲ.

ಆ ಗಿಡದ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಬರೆದರೆ ನಾಳೆ ಯಾರೋ ಕಷಾಯ ಕಾಯಿಸುತ್ತಾರೆ.

ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪ್ರತಿ ಅಧ್ಯಾಯದ ಸಾರವನ್ನು ಮೊದಲು ಕನ್ನಡದಲ್ಲಿ ಒಂದು ಪುಟ ಬರೆದು, ಗಿಡ ಕೊಟ್ಟವರಿಗೆ ಓದಿ ಹೇಳುತ್ತೇನೆ. ‘ಸಂಭಾವ್ಯ’ ಕನ್ನಡದ ಆ ಪುಟದಲ್ಲಿ ನಿಲ್ಲುವುದೇ ಇಲ್ಲ. ‘ತಟ್ಟೆಯಲ್ಲಿ ನೋಡಿದ್ದು, ಮನುಷ್ಯರಲ್ಲಿ ನೋಡಿಲ್ಲ’ ಎಂದಾಗುತ್ತದೆ. ಇಂಗ್ಲಿಷಿನಲ್ಲೂ ಹಾಗೇ ಬರೆದರೆ ಯಾವ ನಿಯತಕಾಲಿಕವೂ ಮುಟ್ಟದು ಎನ್ನುವವರಿದ್ದಾರೆ, ಶೀರ್ಷಿಕೆಯ ಬಗ್ಗೆ ಚರ್ಚೆ ನಡೆಯುತ್ತಲೇ ಇದೆ. ನ್ಯಾಮತಿ ಕಡೆಯ ಅಜ್ಜನೊಬ್ಬನಿಗೆ ಅವನ ಗಿಡದ ಪುಟ ಓದಿದಾಗ ಕ್ಯಾನ್ಸರಿನ ಭಾಗಕ್ಕೆ ತಲೆಯಾಡಿಸಿ ಸುಮ್ಮನಿದ್ದ. ಆಮೇಲೆ ಪೆನ್ನು ತೆಗೆಯಲು ಹೇಳಿ, ಬಿಟ್ಟುಹೋಗಿದ್ದನ್ನು ಬರೆಸಿದ: ‘ಕೆಮ್ಮಿಗೆ. ಎಳೆ ಸೊಪ್ಪು ಮಾತ್ರ. ಬಸುರಿಯರಿಗೆ ಬ್ಯಾಡ.’