ಜೈಲು ಬೇರೆ, ಪ್ರಿಸನ್ ಬೇರೆಯಂತೆ

ಆನ್‌ಸೈಟ್ ಅಂತ ಎಂಟು ತಿಂಗಳು ನ್ಯೂಜೆರ್ಸಿಯಲ್ಲಿದ್ದಾಗಿನ ಮಾತು. ಕ್ಲೈಂಟ್ ಮೀಟಿಂಗ್ ಮುಗಿಸಿ ಶಿಕಾಗೋದಿಂದ ವಾಪಸ್ ಬರ್ತಾ ಇದ್ವಿ. ವಿಮಾನ ಲಾಗಾರ್ಡಿಯಾದಲ್ಲಿ ಇಳಿಯೋ ಹೊತ್ತಿಗೆ ಕಿಟಕಿಯ ಕೆಳಗೆ, ರನ್‌ವೇ ಪಕ್ಕದಲ್ಲೇ, ನೀರಿನ ನಡುವೆ ಒಂದು ದ್ವೀಪ ಕಾಣಿಸ್ತು. ಉದ್ದುದ್ದ ಕಟ್ಟಡಗಳು, ಸುತ್ತ ಬೇಲಿ. ಪಕ್ಕದಲ್ಲಿದ್ದ ಅಮೆರಿಕನ್ ಸಹೋದ್ಯೋಗಿ "ರೈಕರ್ಸ್ ಐಲ್ಯಾಂಡ್" ಅಂದ. "ಓ, ಪ್ರಿಸನ್ನಾ?" ಅಂದೆ. "ಅಲ್ಲ, ಜೈಲು" ಅಂದ.

ನಂಗೆ ನಗು ಬಂತು. ಲಿಫ್ಟಿಗೆ ಎಲಿವೇಟರ್ ಅನ್ನೋ ಥರ ಇದೂ ಇವರದೊಂದು ವರಸೆ ಅಂದ್ಕೊಂಡೆ. ಅವನು ಲಗೇಜು ಬರೋವರೆಗೂ ಬಿಡಿಸಿ ಹೇಳಿದ. ಅಲ್ಲಿ ಜೈಲು ಅಂದ್ರೆ ಸ್ಥಳೀಯ ಆಡಳಿತದ್ದು, ಕೌಂಟಿಯದ್ದೋ ನಗರದ್ದೋ. ಈಗಷ್ಟೇ ಅರೆಸ್ಟ್ ಆದವರು, ವಿಚಾರಣೆಗೆ ಕಾಯ್ತಿರೋರು, ಜಾಮೀನು ಕಟ್ಟೋಕೆ ದುಡ್ಡಿಲ್ಲದವರು, ಜೊತೆಗೆ ವರ್ಷದೊಳಗಿನ ಸಣ್ಣ ಶಿಕ್ಷೆ ಆದವರು ಅಲ್ಲಿರ್ತಾರೆ. ಪ್ರಿಸನ್ ರಾಜ್ಯದ್ದು ಅಥವಾ ಕೇಂದ್ರದ್ದು. ಅಪರಾಧ ಸಾಬೀತಾಗಿ, ವರ್ಷಕ್ಕಿಂತ ಹೆಚ್ಚು ಶಿಕ್ಷೆ ಆದವರಿಗೆ. ಸಿಂಗ್ ಸಿಂಗ್, ಆಟಿಕಾ ಎಲ್ಲ ಪ್ರಿಸನ್‌ಗಳು. ಎಲ್ಲ ರಾಜ್ಯದಲ್ಲೂ ಹೀಗೇ ಅಂತಲ್ಲ, ಪಕ್ಕದ ಕನೆಕ್ಟಿಕಟ್‌ನಲ್ಲಿ ಎರಡನ್ನೂ ಒಂದೇ ಇಲಾಖೆ ನೋಡಿಕೊಳ್ಳುತ್ತೆ. ಆದ್ರೆ ಪದ ಎರಡು ಇದೆಯಲ್ಲ, ಅದು ಮುಖ್ಯ. ಒಂದು ಕಾಯುವವರ ಜಾಗ, ಇನ್ನೊಂದು ಶಿಕ್ಷೆ ಅನುಭವಿಸುವವರ ಜಾಗ.

ಎಷ್ಟು ಚಂದದ ವ್ಯವಸ್ಥೆ ಅನ್ಸುತ್ತೆ ಅಲ್ವಾ? ನಂಗೂ ಅನ್ನಿಸಿತ್ತು, ಕಲೀಫ್ ಬ್ರೌಡರ್ ಬಗ್ಗೆ ಓದೋವರೆಗೆ.

ನ್ಯೂಯಾರ್ಕಿನ ಬ್ರಾಂಕ್ಸ್‌ನ ಹುಡುಗ. 2010ರ ಮೇ ತಿಂಗಳಲ್ಲಿ, 16ನೇ ವಯಸ್ಸಿನಲ್ಲಿ, ಒಂದು ಬ್ಯಾಗ್ ಕದ್ದ ಅನ್ನೋ ಆರೋಪದ ಮೇಲೆ ಹಿಡಿದರು. ಜಾಮೀನು 3000 ಡಾಲರ್. ಮನೆಯವರ ಹತ್ರ ಇರಲಿಲ್ಲ. ಆಮೇಲೆ ಹಳೆಯ ಕೇಸೊಂದರ ಪ್ರೊಬೇಷನ್‌ನಲ್ಲಿದ್ದ ಅನ್ನೋ ಕಾರಣಕ್ಕೆ ಜಾಮೀನೇ ಇಲ್ಲ ಅಂತಾಯ್ತು. ರೈಕರ್ಸ್‌ನಲ್ಲಿ ಸುಮಾರು ಮೂರು ವರ್ಷ. ಅದರಲ್ಲಿ ಹೆಚ್ಚುಕಮ್ಮಿ ಎರಡು ವರ್ಷ ಒಂಟಿ ಕೋಣೆಯಲ್ಲಿ. ವಿಚಾರಣೆ ಮುಂದಕ್ಕೆ, ಮತ್ತೆ ಮುಂದಕ್ಕೆ. ನಡುವೆ ಮತ್ತೆ ಮತ್ತೆ ತಪ್ಪೊಪ್ಪಿಗೆಯ ಆಫರ್. ಕೊನೆಗೊಮ್ಮೆ, ಸಣ್ಣ ಅಪರಾಧ ಒಪ್ಪಿಕೋ, ಒಳಗಿದ್ದ ದಿನವನ್ನೇ ಶಿಕ್ಷೆ ಅಂತ ಲೆಕ್ಕ ಹಾಕ್ತೀವಿ, ಇವತ್ತೇ ಮನೆಗೆ ಹೋಗು ಅಂದರು. ನಾನು ಮಾಡಿಲ್ಲ, ಒಪ್ಪಲ್ಲ ಅಂದ. ವಾಪಸ್ ಒಳಗೆ ಹೋದ. 2013ರಲ್ಲಿ ದೂರುದಾರ ಸಿಗದೆ ಕೇಸೇ ಬಿದ್ದು ಹೋಯ್ತು, ವಿಚಾರಣೆ ಶುರುವಾಗಲೇ ಇಲ್ಲ. 2015ರ ಜೂನ್‌ನಲ್ಲಿ, 22ನೇ ವಯಸ್ಸಿನಲ್ಲಿ, ಮನೆಯಲ್ಲೇ ಜೀವ ತೆಗೆದುಕೊಂಡ. 2019ರಲ್ಲಿ ನಗರ ಆಡಳಿತ ಅವನ ಕುಟುಂಬಕ್ಕೆ 33 ಲಕ್ಷ ಡಾಲರ್ ಕೊಡೋಕೆ ಒಪ್ಪಿಕೊಳ್ತು.

ಇದರಲ್ಲಿ ನನ್ನ ತಲೆ ಕೆಡಿಸಿದ್ದು ಆ ಆಫರ್. ತಪ್ಪು ಮಾಡಿದೀನಿ ಅಂದ್ರೆ ಅವತ್ತೇ ಮನೆ. ಮಾಡಿಲ್ಲ ಅಂದ್ರೆ ಒಳಗೆ. ಅಂದ್ರೆ ಅಪರಾಧಿಗೆ ಇರೋ ದಾರಿ ನಿರಪರಾಧಿಯ ದಾರಿಗಿಂತ ಚಿಕ್ಕದು. ನಮ್ಮ ಕೆಲಸದಲ್ಲಿ ಇಂಥ ಕೋಡ್ ಬರೆದರೆ ರಿವ್ಯೂನಲ್ಲೇ ವಾಪಸ್ ಕಳಿಸ್ತಾರೆ.

ಇನ್ನೊಂದು ವಿಚಿತ್ರ ನೋಡಿ. ಪ್ರಿಸನ್‌ನಲ್ಲಿ ಜನ ವರ್ಷಗಟ್ಟಲೆ ಇರ್ತಾರೆ ಅಂತ ಗೊತ್ತಿರೋದರಿಂದ ಅಲ್ಲಿ ಕೆಲಸ, ಲೈಬ್ರರಿ, ಪಾಠ ಅಂತ ಏನೋ ಒಂದಿರುತ್ತೆ. ಬಾರ್ಡ್ ಅನ್ನೋ ಕಾಲೇಜು ನ್ಯೂಯಾರ್ಕ್ ರಾಜ್ಯದ ಕೆಲವು ಪ್ರಿಸನ್‌ಗಳಲ್ಲಿ ಡಿಗ್ರಿ ತರಗತಿಯನ್ನೇ ನಡೆಸುತ್ತೆ. ಜೈಲಿನಲ್ಲಿರೋನು ನಾಳೆಯೋ ನಾಡಿದ್ದೋ ಹೋಗೋನು ಅನ್ನೋ ಲೆಕ್ಕ. ಅವನಿಗೆ ಯಾರು ಏನು ವ್ಯವಸ್ಥೆ ಮಾಡ್ತಾರೆ? ತಪ್ಪು ಸಾಬೀತಾದವನು ಓದಬಹುದು, ಸಾಬೀತಾಗದವನು ಗೋಡೆ ನೋಡ್ತಾ ಕೂರಬೇಕು.

ಹಂಗಂತ ಎಲ್ಲರನ್ನೂ ಬಿಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ಸಾಕ್ಷಿಗಳನ್ನ ಹೆದರಿಸೋರು, ಓಡಿ ಹೋಗೋರು ಇದಾರೆ. ಅಂಥವರನ್ನ ಹಿಡಿದಿಡಲೇಬೇಕು. ಆದ್ರೆ ಹಿಡಿದಿಡೋದು ಬೇರೆ, ಶಿಕ್ಷಿಸೋದು ಬೇರೆ ಅಂತ ಪುಸ್ತಕದಲ್ಲಿ ಬರೆದ ಮೇಲೆ ಒಳಗಿರೋನಿಗೂ ಅದು ಬೇರೆ ಅನ್ನಿಸಬೇಕಲ್ಲ.

ನಮ್ಮಲ್ಲಿ ಪದವೇ ಒಂದು. ಸೆರೆಮನೆ, ಕಾರಾಗೃಹ, ಬಂದೀಖಾನೆ ಅಂತ ಎಷ್ಟು ಹೆಸರಿದ್ರೂ ಊರ ಬಾಯಲ್ಲಿ ಎಲ್ಲಾ ಜೈಲೇ. ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಹೋಗೋರಿಗೆ ಪರಪ್ಪನ ಅಗ್ರಹಾರ ಹೊಸದೇನಲ್ಲ. ಅಲ್ಲಿ ಶಿಕ್ಷೆ ಆದವರೂ ಇದಾರೆ, ವಿಚಾರಣಾಧೀನ ಕೈದಿಗಳೂ ಇದಾರೆ. ದೇಶದ ಜೈಲುಗಳಲ್ಲಿರೋ ನಾಲ್ಕು ಜನರಲ್ಲಿ ಮೂವರು ವಿಚಾರಣಾಧೀನರು. 2022ರ ಸರ್ಕಾರಿ ಅಂಕಿ ಪ್ರಕಾರ 5.73 ಲಕ್ಷದಲ್ಲಿ 4.34 ಲಕ್ಷ. ಅವರನ್ನ ಬೇರೆ ಇಡಬೇಕು ಅಂತ ಬ್ರಿಟಿಷರ ಕಾಲದ 1894ರ ಕಾಯ್ದೆಯಲ್ಲೇ ಇತ್ತು. ಆದ್ರೆ ಆ ಕಾಯ್ದೆ ಅವರಿಗಿಟ್ಟ ಹೆಸರನ್ನ ಕನ್ನಡಕ್ಕೆ ತಂದರೆ 'ಅಪರಾಧ ಸಾಬೀತಾಗದ ಕ್ರಿಮಿನಲ್ ಕೈದಿ' ಅಂತಾಗುತ್ತೆ! ಇನ್ನು ಓಟು. ಶಿಕ್ಷೆಯಾದವನು ಜಾಮೀನಿನ ಮೇಲೆ ಹೊರಗಿದ್ರೆ ಓಟು ಹಾಕಬಹುದು. ಜಾಮೀನು ಸಿಗದೆ ಒಳಗಿರೋ ವಿಚಾರಣಾಧೀನ ಹಾಕೋ ಹಾಗಿಲ್ಲ. ಕಾನೂನೇ ಹಂಗಿದೆ.

ಈಗ ಇಷ್ಟೆಲ್ಲ ಯಾಕೆ ಬರೀತಿದೀನಿ ಅಂತ ಹೇಳಿಬಿಡ್ತೀನಿ.

ಎಸ್ಸೆಸ್ಸೆಲ್ಸಿವರೆಗೂ ನನ್ನ ಜೊತೆ ಓದಿದ ಒಬ್ಬ ಇದಾನೆ ನಮ್ಮೂರಲ್ಲಿ. ಟ್ರ್ಯಾಕ್ಟರ್ ಓಡಿಸ್ತಿದ್ದ. ಅಮೆರಿಕಕ್ಕೆ ಹೋಗೋ ಹಿಂದಿನ ವರ್ಷ, ಪಕ್ಕದ ಊರಿನ ತೋಟದಲ್ಲಿ ಪಂಪ್‌ಸೆಟ್ ಮೋಟಾರು ಕಳವಾಯ್ತು ಅಂತ ಅವನನ್ನ ಹಿಡಿದುಕೊಂಡು ಹೋದರು. ರಾಗಿ ಬಿತ್ತನೆ ಸಮಯ. ಕೋರ್ಟು ಜಾಮೀನೇನೋ ಕೊಡ್ತು, ಆದ್ರೆ ಒಬ್ಬರು ಶ್ಯೂರಿಟಿ ಬೇಕು, ಪಹಣಿ ಇರೋರು. ಅವನ ತಾಯಿ ನಮ್ಮನೆ ಜಗಲಿ ಮೇಲೆ ಬಂದು ಕೂತರಂತೆ. ಅಪ್ಪ ನಂಗೆ ಫೋನ್ ಮಾಡಿದ್ರು. "ಏನ್ ಮಾಡ್ಲಪ್ಪಾ?"

ನಾನು ಸ್ಟ್ಯಾಂಡಪ್ ಮೀಟಿಂಗಿಗೆ ಹೋಗೋ ಆತುರದಲ್ಲಿದ್ದೆ. "ನಮಗ್ಯಾಕೆ ಆ ಉಸಾಬರಿ? ತಪ್ಪು ಮಾಡಿಲ್ಲ ಅಂದ್ರೆ ತಾನೇ ಹೊರಗೆ ಬರ್ತಾನೆ ಬಿಡಿ" ಅಂದೆ. ಬಿಇ ಓದಿದ ಮಗ ಹೇಳಿದ ಮೇಲೆ ಮುಗೀತು. ಅಪ್ಪ ಪಹಣಿ ಕೊಡಲಿಲ್ಲ. ಅವನು ಹೊರಗೆ ಬಂದಾಗ ರಾಗಿ ಒಕ್ಕಣೆ ಮುಗಿದಿತ್ತು. ಬೇರೆ ಊರಿನ ನೆಂಟರೊಬ್ಬರು ಶ್ಯೂರಿಟಿ ನಿಂತರಂತೆ. ಕೇಸು ಇನ್ನೂ ಮೂರು ವರ್ಷ ನಡೆದು ಖುಲಾಸೆ ಆಯ್ತು.

ಅವನು ಕದ್ದಿದ್ನೋ ಇಲ್ವೋ ನಂಗೆ ಇವತ್ತಿಗೂ ಗೊತ್ತಿಲ್ಲ. ಅವತ್ತೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಇರೋವಾಗ ಏನು ಮಾಡಬೇಕು ಅನ್ನೋದೇ ಪ್ರಶ್ನೆ ಆಗಿತ್ತು. ನಾನು ಗೊತ್ತಿರೋನ ಥರ ಉತ್ತರ ಕೊಟ್ಟೆ.

ಹೋದ ಯುಗಾದಿಗೆ ಊರಿಗೆ ಹೋದಾಗ ಅವನು ಮನೆಗೆ ಕರೆದ. ಕಾಫಿ ಕೊಟ್ಟು, ಬೀರುವಿನಿಂದ ಲ್ಯಾಮಿನೇಟ್ ಮಾಡಿಸಿದ ಹಾಳೆಗಳ ಕಟ್ಟು ತೆಗೆದ. ಕೋರ್ಟಿನ ತೀರ್ಪು. "ಇಂಗ್ಲಿಷಲ್ಲಿದೆ, ಏನ್ ಬರ್ದಿದಾರೆ ಓದಿ ಹೇಳು" ಅಂದ. ಸಾಕ್ಷ್ಯ ಸಾಲದು, ಬಿಡುಗಡೆ ಅಂತ ಹೇಳಿದೆ. ಅದು ಅವನಿಗೂ ಗೊತ್ತು. ಅವನ ಪ್ರಶ್ನೆ ಬೇರೆ ಇತ್ತು. "ಒಳಗಿದ್ದ ದಿನ ಲೆಕ್ಕ ಹಾಕಿದಾರಾ?"

ಕಾನೂನಿನಲ್ಲಿ ಆ ಲೆಕ್ಕ ಉಂಟು. ಹಳೆಯ ಸಿಆರ್‌ಪಿಸಿಯ 428ನೇ ಸೆಕ್ಷನ್. ವಿಚಾರಣೆ ಕಾಲದಲ್ಲಿ ಒಳಗಿದ್ದ ದಿನಗಳನ್ನ ಶಿಕ್ಷೆಯಿಂದ ಕಳೆಯಬೇಕು. ಆದ್ರೆ ಕಳೆಯೋಕೆ ಶಿಕ್ಷೆ ಇರಬೇಕು. ಇವನಿಗೆ ಶಿಕ್ಷೆಯೇ ಆಗಿಲ್ಲ. ತಪ್ಪು ಸಾಬೀತಾಗಿದ್ರೆ ಆ ಐದಾರು ತಿಂಗಳು ಎಲ್ಲೋ ಒಂದು ಕಡೆ ಜಮಾ ಆಗ್ತಿತ್ತು.

ಆದ್ರೂ ಪುಟ ಪುಟ ತಿರುಗಿಸಿ ನೋಡಿದೆ. "ಇಲ್ಲ ಕಣೋ" ಅಂದೆ. ಹಾಳೆಗಳನ್ನ ವಾಪಸ್ ಬೀರುವಿನಲ್ಲಿಟ್ಟ. ಪಹಣಿ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.