ಜಾಮೀನುದಾರರ ಒಪ್ಪಿಗೆ

ಹೊಟ್ಟೆಪಾಡಿಗಾಗಿ ಜೀವ ಪಣಕ್ಕಿಟ್ಟರೆ ಅದು ಕರ್ತವ್ಯ, ಖುಷಿಗಾಗಿ ಇಟ್ಟರೆ ಅದು ಹುಚ್ಚು. ಈ ಲೆಕ್ಕವನ್ನು ಯಾರು ಬರೆದಿಟ್ಟರೋ, ಊರು ಬಿಟ್ಟು ಮುಂಬಯಿ ಸೇರಿದ ನಮ್ಮಂಥವರೆಲ್ಲ ಅದನ್ನೇ ನಂಬಿ ಬಾಳಿದವರು. ಅರವತ್ತು ದಾಟಿದ ಮೇಲೆ ನಾನು ಹಳೇ ವಾಹನಗಳ ರ್ಯಾಲಿಗೆ ಹೆಸರು ಕೊಡ್ತೇನೆ ಅಂತ ಹೊರಟಾಗ ಆ ಲೆಕ್ಕವನ್ನು ಮತ್ತೊಮ್ಮೆ ತೆಗೆದು ನೋಡಬೇಕಾಯಿತು.

ಮುಂಬಯಿಯ ಚಳಿಗಾಲ ಅಂದರೆ ನಗಬೇಡಿ. ಜನವರಿಯ ಬೆಳಗ್ಗೆ ಹದಿನೇಳು ಡಿಗ್ರಿಗೆ ಇಳಿದರೆ ಸಾಕು, ಇಲ್ಲಿ ಮಂಕಿ ಕ್ಯಾಪ್ ಹೊರಗೆ ಬರ್ತದೆ. ಗಾಳಿಯಿಂದಲೇ ತಣಿಯಬೇಕಾದ ಹಳೇ ಇಂಜಿನ್‌ಗಳಿಗೆ ಮಾತ್ರ ಅದೇ ಹಬ್ಬದ ಕಾಲ. ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ರ್ಯಾಲಿ ಹಲವು ಸಲ ಹಾರ್ನಿಮನ್ ಸರ್ಕಲ್‌ನಿಂದಲೇ ಹೊರಟಿದೆ. ಮಹಾರಾಜರ ಕಾಲದ ಕಾರುಗಳ ಹಿಂದೆ ಮೋಟಾರ್ ಸೈಕಲ್‌ಗಳ ಸಾಲೂ ಇರ್ತದೆ. ಬಾಂಬೆ ಕ್ರಾನಿಕಲ್ ಪತ್ರಿಕೆಯ ಸಂಪಾದಕ ಹಾರ್ನಿಮನ್‌ನ ಹೆಸರು ಹೊತ್ತ ಈ ವೃತ್ತದ ಸುತ್ತ ಬ್ಯಾಂಕುಗಳೇ ಬ್ಯಾಂಕುಗಳು. ನಾನು ಫೈಲು ಹಿಡಿದು ಓಡಾಡಿದ್ದು ಇದೇ ಕಲ್ಲುಕಂಬಗಳ ನೆರಳಿನಲ್ಲಿ. ಅಲ್ಲಿ ಹೆಲ್ಮೆಟ್ ಹಿಡಿದು ನಿಲ್ಲುವ ಆಸೆ ನನಗೆ.

ನನ್ನ ಗಾಡಿ ಯೆಜ್ಡಿ, ಎಪ್ಪತ್ತರ ದಶಕದ್ದು. ಕಿಕ್ ಲಿವರೇ ಗೇರ್ ಲಿವರ್. ಗಾಡಿ ಚಾಲೂ ಆದ ಮೇಲೆ ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರು ಹಾಕಲು ಸಿದ್ಧ. ಎಂಬತ್ತರ ದಶಕದ ಮೊದಲಲ್ಲಿ ನಾನು ಮೈಸೂರಿನಲ್ಲಿ ಎಂ.ಕಾಂ. ಓದುವಾಗ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಮುಂದೆ ನಿಂತು ಆಸೆಪಟ್ಟದ್ದು ಇಂಥದಕ್ಕೇ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದನ್ನು ಕಟ್ಟಿದ ಇರಾನಿ ಮನೆತನ ಪಾರಸಿಗಳದ್ದು. ಯೆಜ್ಡಿ ಎಂಬ ಹೆಸರು ಇರಾನಿನ ಯಜ್ದ್ ಊರಿನದ್ದು. ಊರು ಬಿಟ್ಟವರು ಊರಿನ ಹೆಸರನ್ನು ಮೈಸೂರಿನ ಗಾಡಿಗೆ ಇಟ್ಟರು, ಅದನ್ನು ಉಡುಪಿ ಕಡೆಯವನೊಬ್ಬ ಡೊಂಬಿವಲಿಯಲ್ಲಿ ಒರೆಸ್ತಾ ಕೂತಿದ್ದಾನೆ. ಇರಲಿ.

"ಬಿದ್ರೆ ನೋಡಿಕೊಳ್ಳೋದು ಯಾರು ಮಾರಾಯ್ರೆ?" ಅಂದಳು ನನ್ನವಳು.

ನನ್ನ ಹತ್ತಿರ ಉತ್ತರ ಸಿದ್ಧ ಇತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಡೊಂಬಿವಲಿಯಿಂದ ಸಿ.ಎಸ್.ಟಿ.ಗೆ ಲೋಕಲ್‌ನಲ್ಲಿ ಹೋದೆ. ಅರ್ಧ ದಿನ ಬಾಗಿಲಲ್ಲಿ, ಕಂಬಿ ಹಿಡಿದು, ಒಂದು ಕಾಲು ಒಳಗೆ ಒಂದು ಕಾಲು ಗಾಳಿಯಲ್ಲಿ. ಮುಂಬಯಿಯ ಉಪನಗರ ರೈಲು ಹಳಿಗಳ ಮೇಲೆ ವರ್ಷಕ್ಕೆ ಸಾಯುವವರ ಲೆಕ್ಕ ಸಾವಿರಗಳಲ್ಲಿದೆ. 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ ಎದುರುಬದುರು ಹಾದುಹೋದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತಾಡುತ್ತಿದ್ದವರು ಕೆಳಗೆ ಬಿದ್ದು ಕನಿಷ್ಠ ನಾಲ್ವರು ಸತ್ತರು. ಆ ತಿರುವನ್ನು ನಾನು ಎಷ್ಟು ಸಾವಿರ ಸಲ ದಾಟಿದ್ದೇನೋ. ನಮ್ಮ ಡಬ್ಬಿಯವನೇ ಒಬ್ಬ ಹೀಗೆ ಬಿದ್ದು ಹೋದಾಗ, ಅವನ ಮನೆಗೆ ಬಂದವರು ಯಾರೂ "ಯಾಕೆ ಹೋಗಬೇಕಿತ್ತು" ಅನ್ನಲಿಲ್ಲ. ಡ್ಯೂಟಿಗೆ ಹೋಗ್ತಾ ಹೋದ ಅಂದರು, ತಲೆ ತಗ್ಗಿಸಿ. ಅವನೇ ಬೈಕಿನಿಂದ ಬಿದ್ದಿದ್ದರೆ? "ಈ ವಯಸ್ಸಿಗೆ ಬೇಕಿತ್ತಾ ಇದೆಲ್ಲ?"

ಸಾವು ಅದೇ, ಕಳಕೊಂಡವರೂ ಅವರೇ. ಸಂಬಳ ತರುವ ಅಪಾಯಕ್ಕೆ ಮಾತ್ರ ಮರ್ಯಾದೆ ಯಾಕೆ? ದುಡಿಯುವ ಯಂತ್ರವಾಗಿ ನನಗೆ ಬೆಲೆ, ಗಾಳಿಗೆ ಎದೆಯೊಡ್ಡಿ ಒಂದು ಬೆಳಗ್ಗೆ ಖುಷಿಯಾಗಿರುವ ಮನುಷ್ಯನಾಗಿ ಇಲ್ಲವೇ? ಹೀಗೆಲ್ಲ ವಾದಿಸಿದೆ. ಚೆನ್ನಾಗಿಯೇ ವಾದಿಸಿದೆ ಅನ್ನಿ.

ಅವಳು ಪೂರ್ತಿ ಕೇಳಿದಳು. ಆಮೇಲೆ, "ನಾನು ಕೇಳಿದ್ದು ಅದಲ್ಲ" ಅಂದಳು.

ಹೌದು, ಅದಲ್ಲ. ಖುಷಿಗೆ ಬೆಲೆ ಇದೆಯೋ ಇಲ್ಲವೋ ಎಂಬುದು ನನ್ನ ಪ್ರಶ್ನೆ. ಕಾಲು ಮುರಿದರೆ ಬೆಡ್‌ಪ್ಯಾನ್ ಹಿಡಿಯುವವರನ್ನು ಕೇಳಿದೆಯಾ ಎಂಬುದು ಅವಳದ್ದು. ಮೊದಲನೆಯದಕ್ಕೆ ಎಷ್ಟು ಒಳ್ಳೆ ಉತ್ತರ ಕೊಟ್ಟರೂ ಎರಡನೆಯದು ಹಾಗೇ ಉಳಿಯುತ್ತದೆ.

ಬ್ಯಾಂಕಿನಲ್ಲಿದ್ದವರಿಗೆ 1872ರ ಭಾರತೀಯ ಕರಾರು ಕಾಯಿದೆಯ 133ನೇ ಸೆಕ್ಷನ್ ಬಾಯಿಪಾಠ. ಸಾಲಗಾರನೂ ಬ್ಯಾಂಕೂ ಸೇರಿ ಜಾಮೀನುದಾರನ ಒಪ್ಪಿಗೆಯಿಲ್ಲದೆ ಕರಾರಿನ ಷರತ್ತು ಬದಲಿಸಿದರೆ, ಆ ಮೇಲಿನ ವ್ಯವಹಾರಕ್ಕೆ ಜಾಮೀನುದಾರ ಹೊಣೆಯಲ್ಲ. ನ್ಯಾಯವಾದ ಮಾತು. ಮಿತಿ ಏರಿಸುವ ಮುಂಚೆ ಜಾಮೀನುದಾರನ ಸಹಿಗಾಗಿ ನಾವು ಅವನ ಮನೆ ಬಾಗಿಲಿಗೆ ಹೋಗಿ ಕಾಯುತ್ತಿದ್ದದ್ದು ಇದಕ್ಕೇ.

ಆದರೆ ಮನೆಯ ಜಾಮೀನುದಾರರಿಗೆ ಈ ಬಿಡುಗಡೆ ಇಲ್ಲ. ನಾನು ಕೇಳದೆ ಹೋಗಿ ಬಿದ್ದರೆ, "ನನ್ನ ಸಹಿ ಇಲ್ಲ, ನಾನು ಹೊಣೆಯಲ್ಲ" ಅಂತ ಅವಳು ಎದ್ದು ಹೋಗುವವಳಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಕೂರುತ್ತಾಳೆ. ಕಾನೂನಿನಲ್ಲಿ, ಕೇಳದಿದ್ದರೆ ನಷ್ಟ ಬ್ಯಾಂಕಿಗೆ. ಮನೆಯಲ್ಲಿ, ಕೇಳದಿದ್ದರೂ ನಷ್ಟ ಜಾಮೀನುದಾರರಿಗೇ. ಅವರು ಬಿಟ್ಟು ಹೋಗಲಾರರು ಎಂಬ ಧೈರ್ಯದ ಮೇಲೆಯೇ ನಾವು ಷರತ್ತು ಬದಲಿಸುವುದು. ಅದಕ್ಕೇ ಕೇಳುವ ಹೊಣೆ ಇಲ್ಲಿ ಹೆಚ್ಚು ಅಂತ ನನಗೆ ಕಾಣ್ತದೆ.

ಇದನ್ನು ಬರೆಯುವಾಗ ಅಮ್ಮನ ನೆನಪಾಗ್ತದೆ. ಮನೆಯ ದೊಡ್ಡ ಮಗ ಉಡುಪಿಯಿಂದ ಮುಂಬಯಿಯ ಬಸ್ಸು ಹತ್ತಿದ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ, ಅಲ್ಲಿಯವರೆಗೆ ಘಟ್ಟ ಹತ್ತಿ ಇಳಿಯುವ ಬಸ್ಸೇ ಗತಿ. ಕಾಯಿಲೆಯೋ ಕಸಾಲೆಯೋ, ಮಗ ಊರು ತಲಪಲು ಒಂದು ಹಗಲು ಒಂದು ರಾತ್ರಿ ಬೇಕು. ಅಮ್ಮನ ಪಾಲಿಗೆ ಅದಕ್ಕಿಂತ ದೊಡ್ಡ ಷರತ್ತಿನ ಬದಲಾವಣೆ ಯಾವುದಿದ್ದೀತು? ನೌಕರಿ ಸಿಕ್ಕಿತು ಅಂತ ಹೇಳಿದ್ದಾಯಿತು, ಹೋಗಲೇ ಅಂತ ಯಾರೂ ಕೇಳಲಿಲ್ಲ. ಆ ಕಾಲದಲ್ಲಿ ಕೇಳುವ ಪದ್ಧತಿಯೇ ಇರಲಿಲ್ಲ. ಅಮ್ಮ ಉಪ್ಪಿನಕಾಯಿಯ ಭರಣಿ ಕಟ್ಟಿಕೊಟ್ಟರು, ಅದನ್ನೇ ಎಲ್ಲರೂ ಸಹಿ ಅಂದುಕೊಂಡರು.

ಹಾಗಾದರೆ ಅವಳು ಬೇಡ ಅಂದಿದ್ದರೆ? ಹೋಗುತ್ತಿರಲಿಲ್ಲ. ಬೇಡ ಅನ್ನುವ ಹಕ್ಕು ಕೊಡದೆ ಕೇಳುವುದು ಕೇಳಿದ ಹಾಗಲ್ಲ. ಜಾಮೀನು ಪತ್ರ ಮುಂದಿಟ್ಟು "ಇಲ್ಲಿ ಸಹಿ ಹಾಕಿ" ಅಂತ ಬೆರಳು ತೋರಿಸುವ ಅಧಿಕಾರಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಅವಳು ಮೂರು ದಿನ ತಗೊಂಡಳು. ಷರತ್ತು ಹಾಕಿದಳು: ಒಳ್ಳೆ ಹೆಲ್ಮೆಟ್, ಹೊಸ ಬ್ರೇಕ್ ಶೂ, ಡೊಂಬಿವಲಿಯಿಂದ ಫೋರ್ಟಿಗೆ ಗಾಡಿ ಟೆಂಪೋದಲ್ಲಿ. ಬೆಂಗಳೂರಿನಲ್ಲಿರುವ ಮಗಳಿಗೆ ನೀವೇ ಫೋನ್ ಮಾಡಿ ಹೇಳಬೇಕು, ನನ್ನ ಹೆಸರು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಮಾಡಿದೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಮ್ಮನಿಗೆ ಫೋನ್ ಕೊಡಿ ಅಂದಳು.

ಭಾನುವಾರ ಹಾರ್ನಿಮನ್ ಸರ್ಕಲ್‌ನಲ್ಲಿ ಯೆಜ್ಡಿ ಎರಡನೇ ಕಿಕ್ಕಿಗೆ ಚಾಲೂ ಆಯಿತು. ಎಣ್ಣೆ ಬೆರೆತ ಪೆಟ್ರೋಲಿನ ನೀಲಿ ಹೊಗೆಗೆ ಪಕ್ಕದಲ್ಲಿದ್ದ ಹುಡುಗರು ಕೆಮ್ಮಿದರು. ಅವಳು ಏಷ್ಯಾಟಿಕ್ ಲೈಬ್ರರಿಯ ಮೆಟ್ಟಿಲ ಮೇಲೆ ನಿಂತಿದ್ದಳು, ಕೈಯಲ್ಲಿ ನನ್ನ ಮೆಡಿಕ್ಲೇಮ್ ಕಾರ್ಡು.